ನೂರು ಮಿಡಿಗೆ ಒಂದು ಪಾವು ಉಪ್ಪು: ಅಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ತಕ್ಕಡಿಯಲ್ಲಿಟ್ಟು ನೋಡಿದ್ದು

ಅಮ್ಮನ ಅಡುಗೆ ಪುಸ್ತಕದಲ್ಲಿ ಅಪ್ಪೆಮಿಡಿ (ಮಲೆನಾಡಿನ ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿಗೆ ಇರುವುದು ಇಷ್ಟೇ: "ಮಿಡಿ ನೂರು. ಉಪ್ಪು ಒಂದು ಪಾವು. ಮೆಣಸು ಎರಡು ಬೊಗಸೆ. ಸಾಸಿವೆ ಎರಡು ಹಿಡಿ. ಅರಿಶಿನ ಚೂರು. ನೀರು ಮುಟ್ಟಿಸಬಾರದು."

ಸಾಗರದ ಮನೆಯಲ್ಲಿ ಈ ಲೆಕ್ಕದಿಂದಲೇ ಮೂರು ನಾಲ್ಕು ವರ್ಷ ಕೆಡದ ಉಪ್ಪಿನಕಾಯಿ ಆಗುತ್ತಿತ್ತು. ಹಿತ್ತಲಿನ ಅಪ್ಪೆಮರ ಗಾಳಿಮಳೆಗೆ ಬಿದ್ದ ಮೇಲೆ ಪೇಟೆಯಿಂದ ಮಿಡಿ ತರುವುದಾಯಿತು. ಪುಸ್ತಕದ ಅಳತೆಯಲ್ಲೇ ಹಾಕಿದ ಹೋದ ವರ್ಷದ ಭರಣಿಗೆ ಆಷಾಢಕ್ಕೆ ಬಿಳಿ ಪೊರೆ ಕಟ್ಟಿತು, ಶ್ರಾವಣದ ಹೊತ್ತಿಗೆ ಮಿಡಿಗಳೆಲ್ಲ ಮೆತ್ತಗಾದವು. ಅಮ್ಮನ ದೃಷ್ಟಿಯಲ್ಲಿ ಮೆತ್ತಗಾದ ಮಿಡಿ ಉಪ್ಪಿನಕಾಯಿಯೇ ಅಲ್ಲ. ಅವಳಿಗೆ ಬೇಕಾದ್ದು ಎರಡು: ಕಚ್ಚಿದರೆ ಕಟಕ್ ಅನ್ನಬೇಕು, ಊಟ ಮುಗಿಸಿ ಕೈ ತೊಳೆದ ಮೇಲೂ ಬೆರಳಲ್ಲಿ ಸೊನೆಯ ವಾಸನೆ ಉಳಿದಿರಬೇಕು. ಗಂಜಿಗೆ, ಮೊಸರನ್ನಕ್ಕೆ ಒಂದು ಮಿಡಿ ಹಾಕಿಕೊಂಡು ಒಳಗಿನ ಎಳೆ ಓಟೆಯ (ಗೊರಟಿನ) ಸಮೇತ ಅಗಿದು ತಿನ್ನುವವಳು ಅವಳು.

ಈ ವರ್ಷ ಕೈಗೆತ್ತಿಕೊಂಡ ಕೆಲಸ ಇದು: ಪುಸ್ತಕದ ಅಳತೆಯನ್ನು ಗ್ರಾಂಗೆ ಇಳಿಸುವುದು, ಯಾವ ಮರದ ಮಿಡಿ ಸಿಕ್ಕರೂ ಅದೇ ಉಪ್ಪಿನಕಾಯಿ ಬರುವಂತೆ ಮಾಡುವುದು.

ಹಂತ 1: ಪಾವು, ಬೊಗಸೆ, ಹಿಡಿ ತೂಗಿದ್ದು

ಬೇಕಾದ್ದು ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ. 5 ಕಿಲೋವರೆಗೆ ತೂಗುವಂಥದ್ದಕ್ಕೆ 550 ರೂಪಾಯಿ ಆಯಿತು.

ಮೊದಲು ಪಾವು. ನಮ್ಮನೆಯದು ಹಿತ್ತಾಳೆಯ ಹಳೇ ಪಾವು. ಅಂಚಿಗೆ ಸಮನಾಗಿ ಕೈಯಾಡಿಸಿದರೆ 235 ಗ್ರಾಂ ಹರಳುಪ್ಪು ಹಿಡಿಯುತ್ತದೆ. ಅಮ್ಮನ ಕೈಗೆ ಕೊಟ್ಟು "ನೀನು ಹಾಕೋ ಹಾಗೆ ಹಾಕು" ಅಂದರೆ ಅವಳು ಅಂಚಿಗೆ ನಿಲ್ಲಿಸುವುದೇ ಇಲ್ಲ. ಮೇಲೆ ಗೋಪುರ ಏಳಿಸಿ, ಚೆಲ್ಲುವಷ್ಟಾದ ಮೇಲೆಯೇ ಪಾತ್ರೆಗೆ ಸುರಿಯುತ್ತಾಳೆ. ಅದರ ತೂಕ 285 ಗ್ರಾಂ. ಪುಸ್ತಕದಲ್ಲಿ ಎರಡಕ್ಕೂ "ಒಂದು ಪಾವು" ಎಂದೇ. ನಡುವೆ 50 ಗ್ರಾಂ ವ್ಯತ್ಯಾಸ, ಅದೂ ಪ್ರತಿ ನೂರು ಮಿಡಿಗೆ.

ಹರಳುಪ್ಪಿನ ಬದಲು ಪುಡಿ ಉಪ್ಪನ್ನು ಅದೇ ಪಾವಿನಲ್ಲಿ ಅಳೆದರೆ ತೂಕ ಇನ್ನೂ ಹೆಚ್ಚು, ಸಂದು ಇಲ್ಲದೆ ತುಂಬಿಕೊಳ್ಳುವುದರಿಂದ. ಸಿಮೆಂಟು ನೆಲದ ಮೇಲಿಟ್ಟ ಚೀಲದ ಹರಳುಪ್ಪು ತೇವ ಎಳೆದುಕೊಂಡಿರುತ್ತದೆ, ಅದರ ತೂಕದಲ್ಲಿ ನೀರಿನ ಪಾಲೂ ಸೇರಿರುತ್ತದೆ. ಆದ್ದರಿಂದ ಉಪ್ಪನ್ನು ಒಂದು ದಿನ ಬಿಸಿಲಿಗೆ ಹರವಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ತೂಗಬೇಕು.

ಬೊಗಸೆ, ಹಿಡಿ ತೂಗಲು ತಕ್ಕಡಿಯ ಮೇಲೆ ತಟ್ಟೆ ಇಟ್ಟು ಸೊನ್ನೆಗೆ ತಂದು, ಅಮ್ಮನ ಕೈಯಿಂದಲೇ ಹಲವು ಸಲ ಹಾಕಿಸಿದ್ದು. ತೊಟ್ಟು ತೆಗೆದ ಒಣಮೆಣಸು ಬೊಗಸೆಗೆ 45ರಿಂದ 53 ಗ್ರಾಂ ಬಂತು, ಹೆಚ್ಚಿನ ಸಲ 49ರ ಆಸುಪಾಸು. ಸಾಸಿವೆಯ ಹಿಡಿ ಮುಚ್ಚಿದ ಮುಷ್ಟಿ, 33 ಗ್ರಾಂ. ಅಂಗೈ ಬಿಚ್ಚಿ ಅಳೆದರೆ ಅದೇ ಕೈಯಲ್ಲಿ 45 ದಾಟುತ್ತದೆ. ಅರಿಶಿನದ "ಚೂರು" 8 ಗ್ರಾಂ. ಒಂದು ಎಚ್ಚರಿಕೆ: ಬರೆದವರ ಕೈಯಿಂದಲೇ ತೂಗಿಸಬೇಕು. ಮನೆಯ ಗಂಡಸರ ಬೊಗಸೆಯಲ್ಲಿ ಅದೇ ಮೆಣಸು 60 ಗ್ರಾಂ ದಾಟಿತು.

ಇನ್ನುಳಿದದ್ದು ನೂರು ಮಿಡಿಯ ತೂಕ. ಮರವೇ ಇಲ್ಲವಾದ್ದರಿಂದ ಇಲ್ಲಿ ಕೆಲಸ ನಿಂತಿತು. ದಾರಿ ತೋರಿಸಿದ್ದು ನೆಂಟರ ತೋಟದಲ್ಲಿರುವ ಗಿಡ. ನಮ್ಮ ಮರದ್ದೇ ಕುಡಿ ತೆಗೆದು ಹಿಂದೆ ಕಸಿ ಕಟ್ಟಿದ್ದು ಅದು. ಅದರ ನೂರು ಮಿಡಿ ಕೊಯ್ಸಿ ತೂಗಿದಾಗ 1,080 ಗ್ರಾಂ. ಹೋದ ವರ್ಷ ತಂದ ಪೇಟೆ ಮಿಡಿ ನೂರಕ್ಕೆ 1,650 ಗ್ರಾಂ ಇತ್ತೆಂದು ಅಂಗಡಿಯ ಚೀಟಿಯಲ್ಲೇ ಇದೆ.

ಲೆಕ್ಕ ಬಿಡಿಸಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ. ಅಮ್ಮನ ಗೋಪುರದ ಪಾವು, ಹಳೇ ಮರದ ಮಿಡಿ: 1,080ಕ್ಕೆ 285, ಅಂದರೆ ಮಿಡಿಯ ತೂಕದ ನೂರಕ್ಕೆ 26.4 ಪಾಲು ಉಪ್ಪು. ಹೋದ ವರ್ಷ ಸಮ ಪಾವು, ಪೇಟೆ ಮಿಡಿ: 1,650ಕ್ಕೆ 235, ಅಂದರೆ 14.2. ಉಪ್ಪು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಪುಸ್ತಕದ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅದು ಒಂದೇ ಮರಕ್ಕೆ ಹೊಂದಿಸಿದ ಲೆಕ್ಕವಾಗಿತ್ತು.

ಮಲೆನಾಡಿನಲ್ಲಿ ಇಂದಿಗೂ ಅಪ್ಪೆಮಿಡಿಯನ್ನು ನೂರು, ಸಾವಿರದ ಎಣಿಕೆಯಲ್ಲೇ ಮಾರುವುದು ರೂಢಿ. ಶರಾವತಿ, ಅಘನಾಶಿನಿ, ವರದಾ ಹೊಳೆಗಳ ದಂಡೆಯ ಮರಗಳು ಒಂದರಂತೆ ಒಂದಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ, ಜೀರಿಗೆ ಅಪ್ಪೆ ಎಂದು ಹೆಸರುಗಳೇ ಹತ್ತಾರು, ಗಾತ್ರ, ಹುಳಿ, ಪರಿಮಳ ಎಲ್ಲ ಬೇರೆ ಬೇರೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಆದರೆ ಆ ಒಂದು ಹೆಸರಿನೊಳಗೆ ನೂರಾರು ಮರಗಳ ಮಿಡಿ ಇದೆ. ಹಾಗಾಗಿ "ನೂರು ಮಿಡಿಗೆ" ಎಂದು ಶುರುವಾಗುವ ಯಾವುದೇ ಮನೆಯ ಲೆಕ್ಕವನ್ನೂ ಬೇರೆ ಮರದ ಮಿಡಿಗೆ ಹಾಗೆಯೇ ಹಾಕಬಾರದು.

ಹಂತ 2: ಭರಣಿ

ಪ್ರಯೋಗಕ್ಕೆ ಮೂರು ಲೀಟರಿನ ಮೂರು ಭರಣಿ ಬೇಕಿತ್ತು. ಎರಡು ಹೊಸದು, ಒಂದಕ್ಕೆ 450 ರೂಪಾಯಿ. ಮೂರನೆಯದಕ್ಕೆ ಅಟ್ಟದಲ್ಲಿದ್ದ ಎರಡು ಹಳೇ ಭರಣಿಗಳನ್ನು ಇಳಿಸಿ ನೋಡಿದ್ದು.

ಹಳೇ ಭರಣಿಯನ್ನು ನೀರು ತುಂಬಿ, ಒಣಗಿದ ಸುದ್ದಿಪತ್ರಿಕೆಯ ಮೇಲೆ ರಾತ್ರಿಯಿಡೀ ಇಡಬೇಕು. ಬೆಳಿಗ್ಗೆ ಕಾಗದ ಒಣಗಿಯೇ ಇದ್ದರೆ ಅರ್ಧ ಪಾಸು. ಇನ್ನರ್ಧಕ್ಕೆ ಹೊರಮೈ ನೋಡಬೇಕು: ಹೊಳಪಿನ ಮೇಲೆ ಕೂದಲೆಳೆಯಂಥ ಬಿರುಕು ಹರಡಿ, ಅಲ್ಲಲ್ಲಿ ಬಿಳಿ ಪುಡಿ ಮೂಡಿದ್ದರೆ ಒಳಗಿನ ಉಪ್ಪುನೀರು ಗೋಡೆಯೊಳಗೆ ಇಳಿದು ಹೊರಗೆ ಉಪ್ಪು ಅರಳುತ್ತಿದೆ ಎಂದರ್ಥ. ಒಂದರಲ್ಲಿ ಹೀಗೇ ಇತ್ತು. ಅಂಥ ಬಿರುಕಿನಲ್ಲಿ ಹಳೇ ಮಸಾಲೆ ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಅದನ್ನು ಅಕ್ಕಿ ಹಾಕಿಡಲು ಬಿಟ್ಟು ಇನ್ನೊಂದನ್ನು ಆರಿಸಿದ್ದು.

ಭರಣಿಗಳನ್ನು ಬಿಸಿನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗೆ, ಬಾಯಿ ಮೇಲೆ ಮಾಡಿ. ಕವುಚಿ ಹಾಕಿದರೆ ಒಳಗಿನ ಹಬೆ ಅಲ್ಲೇ ನಿಲ್ಲುತ್ತದೆ. ಮೇಲೆ ಹೇರಲು ಹೊಳೆಯ ನುಣುಪು ಕರಿಕಲ್ಲು, ಕುದಿಸಿ ಒಣಗಿಸಿದ್ದು, ಒಂದೊಂದು 600 ಗ್ರಾಂ. ಕಲ್ಲಿನ ಕೆಳಗೆ ಕವುಚಿಡಲು ಪಿಂಗಾಣಿ ಬಸಿ (ಸಾಸರು). ಸ್ಟೀಲಾಗಲಿ ಕಬ್ಬಿಣವಾಗಲಿ ಬೇಡ, ಈ ಉಪ್ಪು ಹುಳಿಗೆ ಸ್ಟೀಲೂ ಕಲೆ ಬೀಳುತ್ತದೆ.

ಹಂತ 3: ಮಿಡಿ ಆರಿಸಿದ್ದು

ಮಿಡಿಯ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ. ಸಾಗರ, ರಿಪ್ಪನ್‌ಪೇಟೆ, ಶಿರಸಿ ಕಡೆಯ ಮಾರುಕಟ್ಟೆಗಳಲ್ಲಿ ಸಿಗುತ್ತದೆ. ತಂದದ್ದು ಮಾರ್ಚ್ ಎರಡನೇ ವಾರದಲ್ಲಿ, 300 ಮಿಡಿ, ನೂರಕ್ಕೆ 300 ರೂಪಾಯಿಯಂತೆ 900. ಒಟ್ಟು ತೂಕ 4,650 ಗ್ರಾಂ.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ ನಾಲ್ಕಿವೆ. ರಾಶಿಯ ಅಡಿಯಿಂದ ಒಂದು ಮಿಡಿ ತೆಗೆದು ಉದ್ದಕ್ಕೆ ಸೀಳಿಸಿ. ಚೂರಿ ಎಲ್ಲೂ ತಡೆಯದೆ ಓಟೆಯ ಸಮೇತ ಹೋದರೆ ಎಳೆಯದು. ನಡುವೆ ಸಣ್ಣಗೆ ಕರಕ್ ಎಂದು ತಡೆದರೆ ಓಟೆ ಬಲಿಯುತ್ತಿದೆ, ಆ ರಾಶಿ ಬಿಡಿ. ಬಲಿತ ಓಟೆಯೊಳಕ್ಕೆ ಉಪ್ಪು ಸರಿಯಾಗಿ ಇಳಿಯುವುದಿಲ್ಲ, ಮಿಡಿ ಒಳಗಿನಿಂದಲೇ ಕೆಡುತ್ತದೆ.

ಎರಡನೆಯದು ತೊಟ್ಟು. ಮಿಡಿಗೆ ಒಂದಿಂಚಾದರೂ ತೊಟ್ಟು ಇರಬೇಕು. ತೊಟ್ಟು ಕಳಚಿದ ಮಿಡಿಯ ಸೊನೆ ದಾರಿಯಲ್ಲೇ ಸುರಿದುಹೋಗಿರುತ್ತದೆ. ಪರಿಮಳ ಇರುವುದೇ ಸೊನೆಯಲ್ಲಿ. ಮೇಲಾಗಿ ತೊಟ್ಟು ಕಿತ್ತ ಬಾಯಿಯಿಂದಲೇ ಕೊಳೆ ಶುರುವಾಗುವುದು.

ಮೂರನೆಯದು ಕೊಯ್ದ ರೀತಿ. ಮರ ಹತ್ತಿ ಬುಟ್ಟಿಗೆ ಕೊಯ್ದು ಹಗ್ಗದಲ್ಲಿ ಇಳಿಸಿದ ಮಿಡಿ ಬೇರೆ, ಗಳುವಿನಿಂದ ಬಡಿದು ನೆಲಕ್ಕೆ ಉದುರಿಸಿದ್ದು ಬೇರೆ. ಉದುರಿಸಿದ ಮಿಡಿಗೆ ಆ ದಿನ ಗಾಯ ಕಾಣುವುದಿಲ್ಲ, ಮರುದಿನ ಮಧ್ಯಾಹ್ನಕ್ಕೆ ಪೆಟ್ಟು ಬಿದ್ದಲ್ಲಿ ಕಂದು ಮಚ್ಚೆ ಏಳುತ್ತದೆ. ಮಾರುವವರನ್ನು ನೇರವಾಗಿ ಕೇಳಿ, ಬುಟ್ಟಿಯ ಮಿಡಿಗೆ ಬೆಲೆ ಹೆಚ್ಚಿದ್ದರೂ ಕೊಡಿ. ಮರ ಹತ್ತಿ ಕೊಯ್ಯುವುದು ಪ್ರಾಣ ಕೈಯಲ್ಲಿ ಹಿಡಿದು ಮಾಡುವ ಕೆಲಸ, ಆ ಕೂಲಿ ಅದರಲ್ಲಿ ಸೇರಿದೆ.

ನಾಲ್ಕನೆಯದು ಮಳೆ. ಜೋರು ಬೇಸಿಗೆ ಮಳೆ ಬಿದ್ದ ಮೇಲೆ ಕೊಯ್ದ ಮಿಡಿ ನೀರು ಕುಡಿದಿರುತ್ತದೆ, ಬಾಳಿಕೆ ಕಡಿಮೆ. ಈ ಮಾತು ಪುಸ್ತಕದಲ್ಲಿಲ್ಲ, ಅಮ್ಮ ಬಾಯಲ್ಲಿ ಹೇಳಿದ್ದು. "ಮಳೆ ಬಿದ್ಮೇಲೆ ಮಿಡಿ ಕೊಯ್ತಾರಾ ಯಾರಾದ್ರೂ? ಅದನ್ನೂ ಬರೀಬೇಕಾ?" ಎಂದು ಕೇಳಿದಳು. ಬರೆಯಬೇಕು.

ಮನೆಗೆ ತಂದ ದಿನವೇ ಆರಿಸಿದ್ದು. ಬಿರುಕು, ಮಚ್ಚೆ, ತೊಟ್ಟಿಲ್ಲದವು, ಜಿಗಿಹುಳದ ಕಪ್ಪು ಅಂಟು ಇದ್ದವು ಎಲ್ಲ ಸೇರಿ 29 ಮಿಡಿ, 450 ಗ್ರಾಂ ಹೊರಗೆ. ಉಳಿದದ್ದು 4,200 ಗ್ರಾಂ. ತೆಗೆದಿಟ್ಟವು ಆ ದಿನದ ಅಪ್ಪೆಹುಳಿಗೆ, ಗೊಜ್ಜಿಗೆ ಆದವು.

ತೊಳೆಯುವುದು ತೊಟ್ಟು ಇರುವಾಗಲೇ, ಎರಡು ನೀರಲ್ಲಿ, ಬೇಗ. ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೇ ಒರೆಸಿ ನೆರಳಲ್ಲಿ ಫ್ಯಾನಿನ ಕೆಳಗೆ ಮೂರು ಗಂಟೆ. ತೊಟ್ಟಿನ ಬುಡದ ಕುಳಿಯಲ್ಲಿ ನೀರು ನಿಂತಿರುತ್ತದೆ, ಬಟ್ಟೆಯ ಮೂಲೆ ಹಿರಿದು ಅಲ್ಲಿ ಮುಟ್ಟಿಸಿ ತೆಗೆಯಬೇಕು. "ನೀರು ಮುಟ್ಟಿಸಬಾರದು" ಎಂದು ಅಮ್ಮ ಬರೆದದ್ದು ಇದಾದ ಮೇಲಿನ ಹಂತಕ್ಕೆ.

ಕೊನೆಗೆ ತೊಟ್ಟು ಮುರಿಯುವುದು. ಕಾಲಿಂಚು ಬಿಟ್ಟು ಮುರಿಯಬೇಕು, ಅದೂ ಭರಣಿಯ ಬಾಯಿಯ ಮೇಲೆಯೇ ಹಿಡಿದು. ಮುರಿದ ಕ್ಷಣಕ್ಕೆ ಚಿಮ್ಮುವ ಸೊನೆ ಉಪ್ಪಿನ ಮೇಲೆ ಬೀಳಬೇಕು. ಸೊನೆ ಚರ್ಮ ಸುಡುತ್ತದೆ: ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಮುಖ ದೂರ ಇಡಿ, ಕನ್ನಡಕ ಇದ್ದರೆ ಹಾಕಿಕೊಳ್ಳಿ.

ಹಂತ 4: ಉಪ್ಪಿಗೆ ಹಾಕಿದ್ದು, ಮೂರು ಅಳತೆಯಲ್ಲಿ

ಪ್ರತಿ ಭರಣಿಗೆ 1,400 ಗ್ರಾಂ ಮಿಡಿ.

ಅ ಭರಣಿ: ನೂರಕ್ಕೆ 18 ಪಾಲು, 252 ಗ್ರಾಂ ಉಪ್ಪು.
'ಆ' ಭರಣಿ: ನೂರಕ್ಕೆ 22 ಪಾಲು, 308 ಗ್ರಾಂ.
ಇ ಭರಣಿ: ನೂರಕ್ಕೆ 26 ಪಾಲು, 364 ಗ್ರಾಂ. ಅಮ್ಮನ ಗೋಪುರದ ಪಾವಿಗೆ ಸಮ.

18 ಏಕೆಂದರೆ ಈಗ ಹಲವರು ಉಪ್ಪು ಕಡಿಮೆ ಮಾಡಬೇಕೆಂದು ಅಷ್ಟಕ್ಕೇ ನಿಲ್ಲಿಸುತ್ತಾರೆ. ಎಣ್ಣೆ ಇಲ್ಲದ ಈ ಉಪ್ಪಿನಕಾಯಿಯಲ್ಲಿ ಅದು ಸಾಕಾಗುತ್ತದೋ ಎಂದು ನೋಡಬೇಕಿತ್ತು.

ಅಡಿಗೆ ಒಂದು ಪದರ ಉಪ್ಪು, ಮೇಲೆ ಎರಡು ಪದರ ಮಿಡಿ, ಮತ್ತೆ ಉಪ್ಪು, ಹೀಗೆ. ಒಟ್ಟು ಉಪ್ಪಿನ ಕಾಲುಭಾಗವನ್ನು ಕೊನೆಯ ಪದರಕ್ಕೇ ಉಳಿಸಿಕೊಳ್ಳಬೇಕು, ಏಕೆಂದರೆ ನೀರು ಬಿಟ್ಟ ಮೇಲೆ ಮಿಡಿ ತೇಲಿ ಮೇಲಕ್ಕೆ ಬರುತ್ತದೆ, ಗಾಳಿ ತಾಗುವುದು ಅಲ್ಲೇ. ಬಸಿ, ಕಲ್ಲು, ಬಾಯಿಗೆ ಎರಡು ಮಡಿಕೆ ಹತ್ತಿ ಬಟ್ಟೆ, ದಾರ. ಭರಣಿ ನೆಲದ ಮೇಲಲ್ಲ, ಮರದ ಮಣೆಯ ಮೇಲೆ.

1ನೇ ದಿನ: ಮೂರರಲ್ಲೂ ಅಡಿಯಲ್ಲಿ ಬೆರಳಗಲ ನೀರು.

2ರಿಂದ 4ನೇ ದಿನ: ಬೆಳಿಗ್ಗೆ ಸಂಜೆ ಭರಣಿಯನ್ನು ಬಾಚಿ ತಬ್ಬಿ ಓಲಾಡಿಸುವುದು. ಸಟ್ಟುಗ ಹಾಕಿ ತಿರುವಿದರೆ ಎಳೆ ಮಿಡಿಯ ಸಿಪ್ಪೆಗೆ ಗಾಯ ಆಗುತ್ತದೆ, ಆದ್ದರಿಂದ ಓಲಾಡಿಸುವುದೇ ವಾಸಿ.

5ನೇ ದಿನ: ಇ ಭರಣಿಯಲ್ಲಿ ನೀರು ಮಿಡಿಯ ಮೇಲೆ ಬಂತು. 'ಆ' ಭರಣಿಯಲ್ಲಿ ಮೇಲಿನ ಸಾಲು ಇನ್ನೂ ಹೊರಗಿತ್ತು, 600 ಗ್ರಾಂ ಕಲ್ಲು ತೆಗೆದು ಒಂದು ಕಿಲೋದ್ದು ಹೇರಿದ ಮೇಲೆ ಮುಳುಗಿತು. ಅ ಭರಣಿಯಲ್ಲಿ ಕಲ್ಲು ಬದಲಿಸಿದರೂ ಮೇಲಿನ ಮಿಡಿಗಳ ಬೆನ್ನು ಕಾಣುತ್ತಲೇ ಇತ್ತು.

8ನೇ ದಿನ: ಅ ಭರಣಿಯ ನೀರಿನ ಮೇಲೆ ತೆಳ್ಳನೆ ಬಿಳಿ ಪೊರೆ. ವಾಸನೆ ಮೊಸರು ಹುಳಿ ಬಂದ ಹಾಗೆ. ಮೇಲಿನ ಸಾಲಿನ ಮಿಡಿ ಒತ್ತಿದರೆ ಬೆರಳು ಒಳಗಿಳಿಯುತ್ತಿತ್ತು.

ಅ ಭರಣಿಯ ರಿಪೇರಿ ಹೀಗೆ: ಪೊರೆಯನ್ನು ಮರದ ಚಮಚದಲ್ಲಿ ಎತ್ತಿ ಹಾಕಿ, ಮಿಡಿಗಳನ್ನು ಒಂದೊಂದೇ ಹೊರತೆಗೆದು ಒತ್ತಿ ನೋಡಿದ್ದು. 11 ಮೆತ್ತಗಾಗಿದ್ದವು, ತಿಪ್ಪೆಗೆ. ಉಳಿದವನ್ನು ಒಣಬಟ್ಟೆಯಲ್ಲಿ ಒರೆಸಿಟ್ಟು, ನೀರನ್ನು ಸೋಸಿ, ಕೊರತೆ ಇದ್ದ 112 ಗ್ರಾಂ ಉಪ್ಪು ಸೇರಿಸಿ, ಹತ್ತು ನಿಮಿಷ ಕುದಿಸಿ ನೊರೆ ತೆಗೆದು, ರಾತ್ರಿಯಿಡೀ ಆರಿಸಿದ್ದು. ಭರಣಿ ಮತ್ತೆ ತೊಳೆದು ಬಿಸಿಲಿಗಿಟ್ಟು, ಮಿಡಿ ತುಂಬಿ, ಆರಿದ ನೀರು ಹುಯ್ದದ್ದು. ಪೊರೆ ಮತ್ತೆ ಬರಲಿಲ್ಲ.

ಈ ರಿಪೇರಿ ಬಿಳಿ ತೆಳು ಪೊರೆಗೆ ಮಾತ್ರ. ಕಪ್ಪು, ಹಸಿರು, ಗುಲಾಬಿ ಬಣ್ಣದ, ರೋಮದಂತೆ ಎದ್ದ ಬೂಷ್ಟು ಕಂಡರೆ ಕುದಿಸಿ ಉಳಿಸಿಕೊಳ್ಳುವ ಯೋಚನೆ ಬೇಡ. ಇಡೀ ಭರಣಿ ಚೆಲ್ಲಬೇಕು.

14ನೇ ದಿನ: ಮಿಡಿಯ ಹಸಿರು ಹೋಗಿ ಎಣ್ಣೆಹಳದಿ ಬಣ್ಣ, ಮೈ ಸುಕ್ಕು. ಇ ಭರಣಿಯ ಒಂದನ್ನು ಅಮ್ಮ ಅಡ್ಡಕ್ಕೆ ಕೊಯ್ದು ನೋಡಿದಳು. ಓಟೆಯ ನಡುವಿನವರೆಗೂ ಒಂದೇ ಬಣ್ಣ ಇರಬೇಕು. ನಡುವೆ ಬಿಳಿ ಚುಕ್ಕೆ ಉಳಿದಿದ್ದರೆ ಉಪ್ಪು ಇನ್ನೂ ಇಳಿದಿಲ್ಲ, ಮೂರು ನಾಲ್ಕು ದಿನ ಕಾಯಬೇಕು. ದಿನ ಎಣಿಸುವುದಕ್ಕಿಂತ ಈ ಕೊಯ್ದು ನೋಡುವುದೇ ನಂಬಿಗಸ್ತ. ಅಮ್ಮ ಮುಂದಿನ ಕೆಲಸಕ್ಕೆ ಕೈಹಾಕುವುದೂ ಕೊಯ್ದು ನೋಡಿದ ಮೇಲೆಯೇ.

ಹಂತ 5: ಉಪ್ಪುನೀರು

ಮಿಡಿಗಳನ್ನು ಬಿದಿರಿನ ಬುಟ್ಟಿಯಲ್ಲಿ ಬಸಿದು ತೂಗಿದ್ದು. ಇ ಭರಣಿಯ 1,400 ಗ್ರಾಂ ಈಗ 1,020. ಬಿಟ್ಟ ನೀರು 620 ಮಿಲಿ. 'ಆ' ಭರಣಿಯಲ್ಲಿ 1,050 ಗ್ರಾಂ ಮಿಡಿ, 565 ಮಿಲಿ ನೀರು. ಅ ಭರಣಿಯಲ್ಲಿ ಉಳಿದ ಮಿಡಿ 920 ಗ್ರಾಂ.

ಮೂರರ ನೀರನ್ನೂ ಬೇರೆ ಬೇರೆಯಾಗಿ ಹತ್ತು ನಿಮಿಷ ಕುದಿಸಿ, ಮೇಲೆ ಬರುವ ಕಂದು ನೊರೆ ತೆಗೆದು, ಬಟ್ಟೆಯಲ್ಲಿ ಸೋಸಿ, ಬಾಯಿಗೆ ಬಟ್ಟೆ ಕಟ್ಟಿ ಮರುದಿನದವರೆಗೆ ಆರಿಸಬೇಕು. ತಟ್ಟೆ ಮುಚ್ಚಿದರೆ ಹಬೆ ನೀರಾಗಿ ಒಳಗೆ ತೊಟ್ಟಿಕ್ಕುತ್ತದೆ.

ನೀರು ಸಾಲದಿದ್ದರೆ ಹಸಿ ನೀರು ಸುರಿಯುವ ಹಾಗಿಲ್ಲ. ಒಂದು ಲೀಟರಿಗೆ 360 ಗ್ರಾಂ ಉಪ್ಪು ಹಾಕಿ ಕುದಿಸಿ ಆರಿಸಿದ ನೀರು ಸೇರಿಸಬಹುದು. ಅಷ್ಟಕ್ಕಿಂತ ಹೆಚ್ಚು ಉಪ್ಪು ಆರಿದ ನೀರಲ್ಲಿ ಕರಗದು, ತಳದಲ್ಲೇ ನಿಲ್ಲುತ್ತದೆ.

ಹಂತ 6: ಮಸಾಲೆ

ಹಳೇ ಮರದ ನೂರು ಮಿಡಿ ಉಪ್ಪಿನಲ್ಲಿ ಸುಕ್ಕಿದ ಮೇಲೆ ಸುಮಾರು 790 ಗ್ರಾಂ ಆಗುತ್ತದೆ. ಅದಕ್ಕೆ ಅಮ್ಮನ ಎರಡು ಬೊಗಸೆ ಮೆಣಸು 98 ಗ್ರಾಂ, ಎರಡು ಹಿಡಿ ಸಾಸಿವೆ 66, ಅರಿಶಿನ 8. ಅದನ್ನೇ ಒಂದು ಕಿಲೋ ಸುಕ್ಕಿದ ಮಿಡಿಗೆ ಏರಿಸಿದರೆ:

ಒಣಮೆಣಸು 125 ಗ್ರಾಂ (ಬ್ಯಾಡಗಿ 100, ಗುಂಟೂರು 25)
ಸಾಸಿವೆ 85 ಗ್ರಾಂ
ಅರಿಶಿನ 10 ಗ್ರಾಂ
ಕುದಿಸಿ ಆರಿಸಿದ ಉಪ್ಪುನೀರು 450 ಮಿಲಿ

ಮಸಾಲೆಗೆ ಲೆಕ್ಕ ಹಾಕಬೇಕಾದ್ದು ಸುಕ್ಕಿದ ಮಿಡಿಯ ತೂಕಕ್ಕೆ, ಹಸಿ ಮಿಡಿಯ ತೂಕಕ್ಕಲ್ಲ. ಅದು ಅದಲುಬದಲಾದರೆ ಮಸಾಲೆ ಮೂರನೇ ಒಂದು ಪಾಲು ಹೆಚ್ಚಾಗಿ ಉಪ್ಪಿನಕಾಯಿ ಗಟ್ಟಿ ಮುದ್ದೆಯಾಗುತ್ತದೆ.

ಮೆಣಸನ್ನು ತೊಟ್ಟು ತೆಗೆದು ಎರಡು ದಿನ ಬಿಸಿಲಿಗೆ. ಮುರಿದರೆ ಸದ್ದಾಗಬೇಕು, ಬಾಗಿದರೆ ಇನ್ನೂ ತೇವ ಇದೆ. ಬ್ಯಾಡಗಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಬರೀ ಬ್ಯಾಡಗಿ ಹಾಕಿದರೆ ನೋಟ ಚೆನ್ನ, ಆದರೆ ಈ ಮಟ್ಟದ ಉಪ್ಪು ಹುಳಿಯ ಎದುರು ಖಾರ ಕಾಣುವುದಿಲ್ಲ.

ಸಾಸಿವೆಯನ್ನು ಹುರಿಯಬಾರದು. ಹಸಿ ಸಾಸಿವೆಯನ್ನೇ ಮೊದಲು ಒರಳಿಗೆ ಹಾಕಿ, ಆರಿದ ಉಪ್ಪುನೀರು ಸ್ವಲ್ಪ ಸ್ವಲ್ಪ ಬಿಟ್ಟು, ಮೂಗಿಗೆ ಘಾಟು ಹತ್ತುವವರೆಗೆ ಅರೆದು, ಆಮೇಲೆ ಮೆಣಸು, ಕೊನೆಗೆ ಅರಿಶಿನ. ನೀರು ಬಿಸಿ ಇದ್ದರೆ ಘಾಟು ಸರಿಯಾಗಿ ಏಳುವುದಿಲ್ಲ. 'ಆ' ಭರಣಿಯ ಮಸಾಲೆಯನ್ನು ಮಿಕ್ಸಿಯಲ್ಲಿ ಮಾಡಿ ನೋಡಿದ್ದು. ನಿಲ್ಲಿಸದೆ ಓಡಿಸಿದ ಮೊದಲ ಜಾರು ಕೈಗೆ ಬಿಸಿ ತಾಗುವಷ್ಟಾಗಿ ನಾಲಿಗೆಗೆ ಕಹಿ ಬಂತು, ಅದನ್ನು ಬಳಸಲಿಲ್ಲ. ಹತ್ತು ಸೆಕೆಂಡು ಓಡಿಸಿ, ಒಂದು ನಿಮಿಷ ಬಿಟ್ಟು, ಮತ್ತೆ ಹತ್ತು ಸೆಕೆಂಡು, ಹೀಗೆ ಮಾಡಿದ ಎರಡನೆಯದು ಸರಿಬಂತು. ಒರಳಿನದಕ್ಕೂ ಇದಕ್ಕೂ ರುಚಿಯಲ್ಲಿ ಹೆಚ್ಚು ಅಂತರವಿಲ್ಲ, ಒರಳಿನದು ಸ್ವಲ್ಪ ನುಣುಪು.

ಇಂಗು, ಮೆಂತೆ, ಜೀರಿಗೆ, ಲವಂಗ ಯಾವುದೂ ಅಮ್ಮನ ಲೆಕ್ಕದಲ್ಲಿಲ್ಲ. ಹಾಕುವ ಮನೆಗಳು ಬೇಕಾದಷ್ಟಿವೆ, ಅವರ ಉಪ್ಪಿನಕಾಯಿಯೂ ರುಚಿಯೇ. ಆದರೆ ಸೊನೆ ಉಳಿಸಿಕೊಳ್ಳಲು ಇಷ್ಟೆಲ್ಲ ಒದ್ದಾಡಿ, ಕೊನೆಗೆ ಅದರ ಮೇಲೆ ಇಂಗು ಹೊದಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ ಕೂಡ.

ಹಂತ 7: ಕಲಸಿ ತುಂಬಿದ್ದು

ಅಗಲ ಪಿಂಗಾಣಿ ಬೋಗುಣಿಯಲ್ಲಿ ಮಿಡಿ ಹಾಕಿ ಮಸಾಲೆ ಸುರಿದು ಒಣಗಿದ ಮರದ ಸಟ್ಟುಗದಲ್ಲಿ ತಳದಿಂದ ಮಗುಚಬೇಕು. ಪ್ರತಿ ಮಿಡಿಯ ಮೈಗೂ ಮಸಾಲೆ ಹತ್ತಬೇಕು, ತೊಟ್ಟಿನ ಬುಡಕ್ಕೂ.

ಭರಣಿಗೆ ಹಾಕುವಾಗ ಒಂದೊಂದು ಪದರಕ್ಕೂ ಅಂಗೈಯಿಂದ ಅದುಮಿ ಗಾಳಿ ಬಿಡಿಸುವುದು. ಅದುಮುವ ಕೈ ತೊಳೆದು ಪೂರ್ತಿ ಒಣಗಿರಬೇಕು. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಉಳಿದ ಮಸಾಲೆ ನೀರನ್ನು ಮಿಡಿ ಮುಳುಗುವಂತೆ ಸುರಿದು, ಮೇಲೆ ಒಂದು ಪದರ ಒಣ ಹರಳುಪ್ಪು, ಭರಣಿಗೆ 25 ಗ್ರಾಂನಂತೆ. ಬಸಿ, ಮುಚ್ಚಳ, ಬಟ್ಟೆ, ದಾರ. ಬಟ್ಟೆಯ ಮೇಲೆ ದಿನಾಂಕ, ಮಿಡಿ ತಂದ ಊರು, ಉಪ್ಪಿನ ಪಾಲು ಬರೆದ ಚೀಟಿ. ಮರದ ಹೆಸರು ಗೊತ್ತಿದ್ದರೆ ಅದನ್ನೂ ಬರೆಯಿರಿ, ಮುಂದಿನ ವರ್ಷ ಹುಡುಕಿಕೊಂಡು ಹೋಗಲು ಬೇಕಾಗುತ್ತದೆ.

ಖರ್ಚು

ಮಿಡಿ 900, ಹರಳುಪ್ಪು ಎರಡು ಕಿಲೋ 50, ಬ್ಯಾಡಗಿ 300 ಗ್ರಾಂ 150, ಗುಂಟೂರು 75 ಗ್ರಾಂ 25, ಸಾಸಿವೆ 40, ಅರಿಶಿನ ಮನೆಯದು. ಒಟ್ಟು 1,165 ರೂಪಾಯಿ. ಬಂದ ಉಪ್ಪಿನಕಾಯಿ 5.2 ಕಿಲೋ ಹತ್ತಿರ, ಕಿಲೋಗೆ ಸುಮಾರು 225 ರೂಪಾಯಿ. ತಕ್ಕಡಿ, ಭರಣಿಯ 1,450 ಇದರಲ್ಲಿ ಸೇರಿಲ್ಲ, ಅವು ವರ್ಷಗಟ್ಟಲೆ ಬರುತ್ತವೆ.

ತೆರೆದು ನೋಡಿದ್ದು

ಕನಿಷ್ಠ ಒಂದು ತಿಂಗಳು ಮುಟ್ಟಬಾರದು. ಆ ಮೊದಲು ತಿಂದರೆ ಸಾಸಿವೆಯ ಕಹಿ ಮುಂದೆ ನಿಲ್ಲುತ್ತದೆ, ಮಿಡಿ ಮತ್ತು ಮಸಾಲೆ ಎರಡೂ ಬೇರೆ ಬೇರೆ ರುಚಿಸುತ್ತವೆ. ಮೂರನ್ನೂ ತೆರೆದದ್ದು ಜೂನ್ ಮೊದಲ ವಾರ.

ಇ, 26 ಪಾಲು: ಕಟಕ್ ಅನ್ನುತ್ತದೆ. ಮಸಾಲೆಗೆ ಹೊಳಪಿದೆ, ನೀರು ಬೇರ್ಪಟ್ಟಿಲ್ಲ. ಉಪ್ಪು ನಾಲಿಗೆಗೆ ಜೋರಾಗಿಯೇ ತಾಗುತ್ತದೆ. ಇದನ್ನು ಅರ್ಧ ಮಿಡಿ ಕಚ್ಚಿಕೊಂಡು ಇಡೀ ತಟ್ಟೆ ಗಂಜಿ ಉಣ್ಣುವವರಿಗೆ ಮಾಡಿದ್ದು, ಪಲ್ಯದ ಹಾಗೆ ಬಡಿಸಿಕೊಳ್ಳುವವರಿಗಲ್ಲ.

ಆ, 22 ಪಾಲು: ಗಟ್ಟಿ ಇದೆ, ಹುಳಿ ಸ್ವಲ್ಪ ಮುಂದೆ. ತಿನ್ನಲು ಇದೇ ಹಿತ ಎಂದವರು ಮನೆಯಲ್ಲಿ ಇಬ್ಬರು. ಆಗಸ್ಟ್‌ನಲ್ಲಿ ಮತ್ತೆ ನೋಡಿದಾಗ ಬಸಿಯ ಅಂಚಿನಲ್ಲಿ ಒಂದೆರಡು ಬಿಳಿ ಚುಕ್ಕೆ ಇತ್ತು, ತೆಗೆದು ಮೇಲೆ 20 ಗ್ರಾಂ ಉಪ್ಪು ಉದುರಿಸಿದ್ದಾಯಿತು. ವರ್ಷದೊಳಗೆ ಖಾಲಿ ಮಾಡುವ ಮನೆಗೆ 22 ಸಾಕು. ಎರಡು ಮಳೆಗಾಲ ದಾಟಿಸಬೇಕಿದ್ದರೆ 26ಕ್ಕಿಂತ ಕೆಳಗೆ ಇಳಿಸಬೇಡಿ.

ಅ, 18ರಿಂದ ಶುರುವಾಗಿ ರಿಪೇರಿಯಾದದ್ದು: ಕೆಟ್ಟಿಲ್ಲ, ಆದರೆ ಮೊದಲ ವಾರದಲ್ಲಿ ಕಳೆದುಕೊಂಡ ಗಟ್ಟಿತನ ಆಮೇಲೆ ಹಾಕಿದ ಉಪ್ಪಿನಿಂದ ವಾಪಸು ಬಂದಿಲ್ಲ. ಹತ್ತರಲ್ಲಿ ಮೂರು ನಾಲ್ಕು ಮಿಡಿ ಹಲ್ಲಿಗೆ ಮೆತ್ತಗೆ ಸಿಗುತ್ತವೆ. ಉಪ್ಪು ಬೇಕಿರುವುದು ಮೊದಲ ದಿನವೇ.

ಪರಿಮಳದ ವಿಷಯ ಮಾತ್ರ ತಕ್ಕಡಿಯಿಂದ ಬಗೆಹರಿಯುವುದಲ್ಲ. ಈ ಪೇಟೆ ಮಿಡಿಯ ಸೊನೆ ತೆಳು, ಇ ಭರಣಿಯ ಮಿಡಿ ತಿಂದು ಕೈ ತೊಳೆದರೆ ವಾಸನೆ ಹೋಗಿಬಿಡುತ್ತದೆ. ಗಟ್ಟಿತನಕ್ಕೆ ಅಮ್ಮ ಒಪ್ಪಿದಳು, ಪರಿಮಳಕ್ಕೆ ಒಪ್ಪಲಿಲ್ಲ. ಅದಕ್ಕೆ ಮಿಡಿಯೇ ಬದಲಾಗಬೇಕು. ಓಟೆ ನೆಟ್ಟರೆ ತಾಯಿಮರದ ಗುಣ ಬರುತ್ತದೆಂಬ ಖಾತ್ರಿ ಇಲ್ಲ, ಕಸಿಯೇ ದಾರಿ. ನೆಂಟರ ತೋಟದ ಗಿಡದಿಂದ ಪೆನ್ಸಿಲ್ ಗಾತ್ರದ ನಾಲ್ಕು ಕುಡಿ ತಂದು, ಕಾಡುಮಾವಿನ ಸಸಿಗೆ ಸೀಳುಕಸಿ ಕಟ್ಟಿಸಿದೆ. ಎರಡು ಒಣಗಿದವು, ಎರಡು ಚಿಗುರಿವೆ. ಅವು ಮಿಡಿ ಬಿಡಲು ಇನ್ನೂ ವರ್ಷಗಳು ಬೇಕು. ಅಲ್ಲಿಯವರೆಗೆ ಆ ಗಿಡದ ನೂರು ಮಿಡಿಯನ್ನು ಪ್ರತಿ ವರ್ಷ ಕೇಳಿ ತಂದು, 1,080 ಗ್ರಾಂಗೆ 285 ಗ್ರಾಂ ಉಪ್ಪಿನಂತೆ ಒಂದು ಸಣ್ಣ ಭರಣಿ ಅಮ್ಮನಿಗೇ ಬೇರೆ ಹಾಕುವುದೆಂದು ಮಾತಾಗಿದೆ.

ಮಿಕ್ಕ 300 ಮಿಲಿ ಉಪ್ಪುನೀರು ಬಾಟಲಿಯಲ್ಲಿದೆ. ಮಜ್ಜಿಗೆಗೆ ಅರ್ಧ ಚಮಚ ಹಾಕಿದರೆ ಬೇರೆ ಉಪ್ಪು ಬೇಡ.